ಕವಳದ ಕತ್ತಲು, ಕಾಳಿಯ ಕಾಡು

ಮೈಸೂರಿನವರಿಗೆ ಬೆಟ್ಟವೆಂದರೆ ಚಾಮುಂಡಿ, ಕಾಡೆಂದರೆ ಬಂಡೀಪುರ, ಮೃಗಗಳೆಂದರೆ 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೃಗಾಲಯ. ಈ ಮೂರನ್ನೂ ಮಕ್ಕಳಿಗೆ ತೋರಿಸಿಬಿಟ್ಟ ಗೃಹಸ್ಥನಿಗೆ ನಿಸರ್ಗದ ಪಾಠವೆಲ್ಲ ಮುಗಿಯಿತೆಂಬ ನೆಮ್ಮದಿ. ಆದರೆ ಈ ಮೂರರಲ್ಲಿ ಯಾವುದೂ ತೋರಿಸಲಾರದ ಅಚ್ಚರಿಯೊಂದುಂಟು. ನೀರು ಕಲ್ಲನ್ನು ಕರಗಿಸುತ್ತದೆ. ಕರಗಿಸಿದ ಕಲ್ಲನ್ನೇ ಹನಿ ಹನಿಯಾಗಿ ಮತ್ತೆ ಕಟ್ಟುತ್ತದೆ. ಚಾಮುಂಡಿ ಬೆಟ್ಟದ ಕಗ್ಗಲ್ಲಿನಲ್ಲಿ ಈ ಕೆಲಸ ನಡೆಯದು. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದಲ್ಲಿ, ಅಲ್ಲಿ ನಂದಿಯನ್ನು ಕಡೆಯಲು ಶಿಲ್ಪಿಯ ಉಳಿಯೇ ಬೇಕಾಯಿತು. ನೀರೇ ಶಿಲ್ಪಿಯಾಗಬೇಕಾದರೆ ಸುಣ್ಣಕಲ್ಲು ಬೇಕು, ಧಾರಾಳವಾದ ಮಳೆ ಬೇಕು, ಮೇಲೊಂದು ದಟ್ಟವಾದ ಕಾಡು ಬೇಕು. ಈ ಮೂರೂ ಒಂದೆಡೆ ಕೂಡಿದ ಸ್ಥಳ ಕರ್ನಾಟಕದಲ್ಲೇ ಇದೆ. ಅದು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯ ಬಳಿಯ ಕವಳ ಗುಹೆ.

ದಾರಿ ದೂರ, ಆದರೆ ದುರ್ಗಮವಲ್ಲ

ಮೈಸೂರಿನಲ್ಲಿ ರಾತ್ರಿಯ ರೈಲು ಹತ್ತಿದರೆ ಹಾಸನ, ಅರಸೀಕೆರೆಗಳನ್ನು ನಿದ್ದೆಯಲ್ಲೇ ದಾಟಿ ಬೆಳಗಿಗೆ ಹುಬ್ಬಳ್ಳಿ ಧಾರವಾಡಗಳ ಕಪ್ಪು ನೆಲದಲ್ಲಿ ಕಣ್ಣು ಬಿಡಬಹುದು. ಧಾರವಾಡದಿಂದ ಹಳಿಯಾಳದ ಮಾರ್ಗವಾಗಿ ದಾಂಡೇಲಿಗೆ ಸುಮಾರು 60 ಕಿಲೋಮೀಟರು ರಸ್ತೆ ಪ್ರಯಾಣ. ಈ ಅಲ್ಪ ದೂರದಲ್ಲಿಯೇ ನೆಲದ ರೂಪ ಬದಲಾಗಿಬಿಡುತ್ತದೆ. ಹತ್ತಿ ಜೋಳಗಳ ಬಯಲು ಹಿಂದೆ ಸರಿದು ಭತ್ತದ ಗದ್ದೆಗಳು ಬರುತ್ತವೆ. ಗದ್ದೆಗಳ ಆಚೆ ಬಿದಿರು ಮೆಳೆಗಳು, ಅವುಗಳ ಹಿಂದೆ ಸಾಗವಾನಿ, ಮತ್ತಿ, ಹೊನ್ನೆ, ನಂದಿ ಮರಗಳ ಸಾಲು. ಗಾಳಿಯಲ್ಲಿ ಒದ್ದೆ ಎಲೆಯ ವಾಸನೆ ತುಂಬುವಷ್ಟರಲ್ಲಿ ದಾಂಡೇಲಿ ಬಂದಿರುತ್ತದೆ.

ದಾಂಡೇಲಿ ಮರದಿಂದ ಬೆಳೆದ ಊರು. ಬ್ರಿಟಿಷರ ಕಾಲದಿಂದಲೂ ಇಲ್ಲಿನ ಸಾಗವಾನಿಗೆ ಪ್ರಸಿದ್ಧಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಊರಿಗೆ ಹೊಸ ಜೀವನವನ್ನು ಕೊಟ್ಟಿತು. ಶಾಲೆಯ ಮಕ್ಕಳು ಬರೆದ ಎಷ್ಟೋ ಹಾಳೆಗಳಿಗೆ ದಾಂಡೇಲಿಯೇ ತವರು. ಊರಿನ ಪಕ್ಕದಲ್ಲಿ ಹರಿಯುವ ಕಾಳಿ ನದಿ ಸಹ್ಯಾದ್ರಿಯಲ್ಲಿ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ.

ಕಾಡಿನ ಹೆಸರು ಬದಲಾದ ಕಥೆ

ದಾಂಡೇಲಿ ಅಭಯಾರಣ್ಯ ಘೋಷಿತವಾದದ್ದು 1956ರಲ್ಲಿ, ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದಲ್ಲಿಯೇ. ಮೈಸೂರು ಸೀಮೆಯವರಿಗೆ ಅಭಯಾರಣ್ಯದ ಕಲ್ಪನೆ ಅಷ್ಟರಲ್ಲಿ ಹೊಸದಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1931ರಲ್ಲಿ, ಬಂಡೀಪುರದ ಸುತ್ತ ವೇಣುಗೋಪಾಲ ವನ್ಯಜೀವಿ ಉದ್ಯಾನ ಹುಟ್ಟಿಕೊಂಡಿತ್ತು. ದಾಂಡೇಲಿಗೆ ತಾಗಿದ ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇವೆರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವನ್ನು ರಚಿಸಲಾಯಿತು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯಲಾಯಿತು. ಅದರ ವಿಸ್ತಾರ ಸುಮಾರು 1,300 ಚದರ ಕಿಲೋಮೀಟರು.

ಮೃಗಾಲಯದಲ್ಲಿ ಪ್ರಾಣಿಯನ್ನು ನೋಡುವ ಗಳಿಗೆ ಮನುಷ್ಯನ ಇಷ್ಟದಂತೆ ಬರುತ್ತದೆ. ಇಲ್ಲಿ ಅದು ಪ್ರಾಣಿಯ ಇಷ್ಟ. ಬಂಡೀಪುರದಲ್ಲಿ ಮರಗಳು ವಿರಳವಾದ ಕಡೆ ಆನೆಯ ಹಿಂಡು ದೂರದಿಂದಲೇ ಕಾಣುವುದುಂಟು. ಕಾಳಿಯ ಕಾಡು ಅಷ್ಟು ಉದಾರಿಯಲ್ಲ. ಹತ್ತು ಮಾರು ದೂರದಲ್ಲಿ ನಿಂತ ಕಾಡುಕೋಣವನ್ನೂ ಅದು ಹಸಿರಿನಲ್ಲಿ ಮುಚ್ಚಿಟ್ಟುಕೊಳ್ಳುತ್ತದೆ. ಕಡವೆ, ಚುಕ್ಕೆಜಿಂಕೆ, ಕರಡಿ, ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೆಂಜಳಿಲು ಇವೆಲ್ಲ ಇಲ್ಲಿನ ನಿವಾಸಿಗಳು. ಕರಿಚಿರತೆಗೂ ಈ ಕಾಡು ಹೆಸರಾಗಿದೆ. ಅದು ಬೇರೊಂದು ಜಾತಿಯೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದು ಸಾಮಾನ್ಯ ಚಿರತೆಯೇ. ಹುಟ್ಟಿನಿಂದ ಮೈಬಣ್ಣ ಕಪ್ಪಾಗಿರುತ್ತದೆ, ಅಷ್ಟೆ. ಬಿಸಿಲಿಗೆ ನಿಂತಾಗ ಆ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ.

ಆದರೆ ಕಾಳಿಯ ದಡಕ್ಕೆ ಬಂದವರ ಕಣ್ಣನ್ನು ತಪ್ಪದೆ ಸೆಳೆಯುವುದು ಮಂಗಟ್ಟೆ ಹಕ್ಕಿ. ಇದರ ನಾಲ್ಕು ಜಾತಿಗಳು ದಾಂಡೇಲಿಯ ಸುತ್ತ ಕಾಣಸಿಗುತ್ತವೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಒಳಗಿನಿಂದ ಮೆತ್ತಿ, ಕೊಕ್ಕು ತೂರುವಷ್ಟು ಮಾತ್ರ ಸೀಳು ಉಳಿಸಿಕೊಳ್ಳುತ್ತದೆ. ಅಂದಿನಿಂದ ತಾಯಿಗೂ ಮರಿಗೂ ಹಣ್ಣು ತಂದುಣಿಸುವ ಹೊಣೆ ಗಂಡಿನದು. ಅದೇನಾದರೂ ಹಿಂದಿರುಗದಿದ್ದರೆ ಪೊಟರೆಯೊಳಗಿನ ಸಂಸಾರಕ್ಕೆ ಗತಿಯಿಲ್ಲ. ಇಂಥ ಪೊಟರೆಗಳಿಗೆ ಹಳೆಯ, ದಪ್ಪನೆಯ ಮರಗಳೇ ಬೇಕು. ಈ ಹಕ್ಕಿಗಳಿಗಾಗಿಯೇ 2011ರಲ್ಲಿ ದಾಂಡೇಲಿಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೊಂದನ್ನು ಗೊತ್ತುಮಾಡಲಾಯಿತು.

ಕೆಳಗಿಳಿಯುವ ಮೆಟ್ಟಿಲುಗಳು

ದಾಂಡೇಲಿಯಿಂದ ಕುಳಗಿಯ ದಾರಿಯಲ್ಲಿ ಸುಮಾರು 25 ಕಿಲೋಮೀಟರು ಸಾಗಿದರೆ ಕವಳ. ಚಾಮುಂಡಿಯ ಮೆಟ್ಟಿಲುಗಳನ್ನು ಏರಿ ಅಭ್ಯಾಸವಾದವರಿಗೆ ಇಲ್ಲಿ ಎಲ್ಲವೂ ತಿರುವುಮುರುವು. ಕಾಡಿನ ನಡುವೆ 300ಕ್ಕೂ ಹೆಚ್ಚು ಮೆಟ್ಟಿಲುಗಳು ಕಣಿವೆಯತ್ತ ಇಳಿಯುತ್ತವೆ. ಹೋಗುವಾಗ ಹಗುರ, ಬರುವಾಗ ಏದುಸಿರು. ಮೆಟ್ಟಿಲು ಮುಗಿದಲ್ಲಿ ಬಂಡೆಯ ಬಾಯಿ ತೆರೆದುಕೊಂಡಿರುತ್ತದೆ.

ಒಳಗೆ ಹೆಜ್ಜೆಯಿಟ್ಟೊಡನೆ ಹೊರಗಿನ ಸೆಕೆ ಕಳಚಿಹೋಗುತ್ತದೆ. ಸ್ವಲ್ಪ ಮುಂದೆ ಹೋದರೆ ಹಗಲೂ ಉಳಿಯದು. ದಾರಿ ಇಕ್ಕಟ್ಟಾಗುತ್ತದೆ, ನಿಂತು ನಡೆಯುತ್ತಿದ್ದವರು ಬಾಗಬೇಕು, ಬಾಗಿದವರು ಕೈಕಾಲೂರಿ ತೆವಳಬೇಕು. ನೆಲ ಜಾರುತ್ತದೆ, ಗೋಡೆ ಒದ್ದೆ, ಬಾವಲಿಗಳ ಹಿಕ್ಕೆಯ ಘಾಟು ಮೂಗಿಗೆ ಬಡಿಯುತ್ತದೆ. ಪಟ್ಟಣದ ಮಡಿಕೆ ಮುರಿಯದ ಬಟ್ಟೆಗೂ ಇಲ್ಲಿನ ಕೆಸರಿಗೂ ಸ್ನೇಹ ಸಾಧ್ಯವಿಲ್ಲ. ಇಷ್ಟು ಕಷ್ಟಪಟ್ಟ ಮೇಲೆ ಬ್ಯಾಟರಿಯ ಬೆಳಕಿಗೆ ಕಾಣುವುದು ಕವಳೇಶ್ವರ. ನೆಲದಿಂದ ತಾನೇ ಎದ್ದ, ನಯವಾದ, ಸದಾ ತೇವವಾಗಿರುವ ಲಿಂಗಾಕಾರದ ಶಿಲೆ. ಪ್ರತಿ ವರ್ಷವೂ ಮಹಾಶಿವರಾತ್ರಿಯಂದು ಸುತ್ತಮುತ್ತಲ ಹಳ್ಳಿಗಳ ಭಕ್ತರು ಕಾಡಿನ ದಾರಿ ಹಿಡಿದು ಇಲ್ಲಿಗೆ ಬರುತ್ತಾರೆ. ಅವರ ಪಾಲಿಗೆ ಇದು ಉದ್ಭವಲಿಂಗ. ಭೂವಿಜ್ಞಾನಿಯ ಪಾಲಿಗೆ ಇದು ಸ್ಟ್ಯಾಲಗ್ಮೈಟ್, ಹನಿಯಿಂದ ಬೆಳೆದ ಸುಣ್ಣದ ಕಂಬ. ಮನುಷ್ಯರ ಕೈಯಿಂದ ಆದದ್ದಲ್ಲ ಎಂಬ ಮಾತಿನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಹಂಡೆಯ ಪೊರೆ ಮತ್ತು ಗುಹೆಯ ತೊಂಗಲು

ಈ ಕಂಬ ಹೇಗೆ ಬೆಳೆಯಿತೆಂಬುದನ್ನು ತಿಳಿಯಲು ಗೃಹಿಣಿಯರು ಬಚ್ಚಲುಮನೆಯ ಹಂಡೆಯನ್ನು ನೆನೆದರೆ ಸಾಕು. ಕೊಳವೆ ಬಾವಿಯ ಗಡಸು ನೀರನ್ನು ದಿನವೂ ಕಾಯಿಸಿದರೆ ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುತ್ತದೆ. ಎಷ್ಟು ಉಜ್ಜಿದರೂ ಬಿಡದ ಆ ಪೊರೆ ನೀರಿನಲ್ಲಿ ಕರಗಿ, ಕಣ್ಣಿಗೆ ಕಾಣದೆ ಬಂದ ಸುಣ್ಣದ ಅಂಶ. ಗುಹೆಯಲ್ಲಿ ಒಲೆಯಿಲ್ಲ, ಆದರೆ ಸುಣ್ಣ ನೀರನ್ನು ಬಿಟ್ಟು ಕಲ್ಲಿಗೆ ಅಂಟುವ ಕ್ರಮ ಹೆಚ್ಚುಕಡಿಮೆ ಇಂಥದೇ.

ಮೋಡದಿಂದ ಬೀಳುವ ಹನಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಹೀರಿಕೊಂಡು ಬರುತ್ತದೆ. ಅಷ್ಟರಿಂದ ಹೆಚ್ಚಿನ ಕೆಲಸವಾಗದು. ಕಾಡಿನ ನೆಲಕ್ಕೆ ಬಿದ್ದ ಮೇಲೆಯೇ ಅದಕ್ಕೆ ನಿಜವಾದ ಬಲ ಬರುತ್ತದೆ. ಬೇರುಗಳು ಉಸಿರಾಡುತ್ತವೆ, ಬಿದ್ದ ಎಲೆಗಳು ಕೊಳೆಯುತ್ತವೆ, ಮಣ್ಣಿನ ಸೂಕ್ಷ್ಮಜೀವಿಗಳು ಅವನ್ನು ಅರಗಿಸುತ್ತವೆ. ಇದರಿಂದ ಕಾಡುಮಣ್ಣಿನ ಸಂದುಗಳಲ್ಲಿ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡು ತುಂಬಿರುತ್ತದೆ. ಅದನ್ನು ಕುಡಿದ ನೀರು ಸೋಡಾ ನೀರಿನ ಹಾಗೆ ತೆಳುವಾದ ಆಮ್ಲವಾಗಿ, ಬಂಡೆಯ ಬಿರುಕುಗಳಲ್ಲಿಳಿದು, ದಾರಿಯುದ್ದಕ್ಕೂ ಸುಣ್ಣಕಲ್ಲನ್ನು ಕರಗಿಸುತ್ತ ಹೋಗುತ್ತದೆ. ಬಿರುಕು ಬಿಲವಾಗುವುದು, ಬಿಲ ಗುಹೆಯಾಗುವುದು ಹೀಗೆ.

ಇನ್ನು ಕಟ್ಟುವ ಕೆಲಸ. ಆ ನೀರು ಗುಹೆಯ ಮಾಳಿಗೆಯಲ್ಲಿ ಹನಿಯಾಗಿ ತೂಗಿದಾಗ ಅದರೊಳಗಿನ ಅನಿಲ ಗುಹೆಯ ಗಾಳಿಗೆ ಜಾರಿಕೊಳ್ಳುತ್ತದೆ. ಬಲಗುಂದಿದ ಹನಿ ಹೊತ್ತು ತಂದ ಸುಣ್ಣವನ್ನು ಇಟ್ಟುಕೊಳ್ಳಲಾರದೆ ಕಣ್ಣಿಗೆ ಕಾಣದಷ್ಟನ್ನು ಮಾಳಿಗೆಗೆ ಅಂಟಿಸಿ ಕೆಳಗೆ ಬೀಳುತ್ತದೆ. ಹಾಗೆ ಮೇಲಿನಿಂದ ಇಳಿಬೀಳುವುದು ತೊಂಗಲು, ಸ್ಟ್ಯಾಲಕ್ಟೈಟ್. ಬಿದ್ದ ಹನಿ ಉಳಿದ ಸುಣ್ಣವನ್ನು ನೆಲದಲ್ಲಿ ಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಏಳುವುದು ಕಂಬ. ಕೆಲವೆಡೆ ಎರಡೂ ಸಾಗಿ ಬಂದು ಕೂಡಿಕೊಳ್ಳುತ್ತವೆ.

ಕಾಡು ಮೇಲೆ, ಗುಹೆ ಕೆಳಗೆ. ಆದರೆ ಇವೆರಡೂ ಬೇರೆ ಬೇರೆಯಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮರಗಳನ್ನು ಕಡಿದು ಮಣ್ಣು ಕೊಚ್ಚಿಹೋದರೆ ನೀರು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಇಂಗುವ ಬದಲು ಹರಿದುಹೋಗುತ್ತದೆ. ಹನಿ ನಿಂತ ತೊಂಗಲು ಒಣಗಿ ಮಂಕಾಗುತ್ತದೆ. ಗುಹೆಯ ಬಾಗಿಲಿಗೆ ಬೀಗ ಹಾಕಿ ಮೇಲಿನ ಕಾಡನ್ನು ಕಡಿಯಗೊಟ್ಟರೆ ಬೀಗದೊಳಗೆ ಉಳಿಯುವುದು ಬರಿಯ ಪೊಳ್ಳು.

ಒಂದು ಅಂಗುಲಕ್ಕೆ 250 ವರ್ಷ

ಈ ಭಾಗದ ಬಂಡೆಗಳು ಬಹು ಪುರಾತನ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಧಾರವಾಡದ ಹೆಸರಿನಿಂದಲೇ ಗುರುತಿಸಿದ ಶಿಲಾವರ್ಗಕ್ಕೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಅವುಗಳಲ್ಲಿ ನೀರು ಕೊರೆದ ಗುಹೆಗಳು ಅದಕ್ಕಿಂತ ತೀರ ಈಚಿನವು. ತೊಂಗಲುಗಳಂತೂ ಇನ್ನೂ ಚಿಕ್ಕ ವಯಸ್ಸಿನವು. ಆದರೂ ಮನುಷ್ಯರ ಲೆಕ್ಕದಲ್ಲಿ ಅವು ಸಾಮಾನ್ಯವಲ್ಲ. ಮಳೆ, ಮಣ್ಣು, ಬಂಡೆಗಳಿಗೆ ತಕ್ಕಂತೆ ವೇಗ ಹೆಚ್ಚುಕಡಿಮೆಯಾದರೂ, ಪ್ರಪಂಚದ ಗುಹೆಗಳ ತೊಂಗಲುಗಳು ಸರಾಸರಿಯಲ್ಲಿ ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬೆಳೆಯುತ್ತವೆ. ಆ ಲೆಕ್ಕದಲ್ಲಿ ಒಂದು ಅಂಗುಲಕ್ಕೆ ಸುಮಾರು 250 ವರ್ಷ. ಹೈದರಾಲಿ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ತೊಡಗಿದ ತೊಂಗಲು ಇಂದಿಗೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟಾಗಿದ್ದೀತು. ಗೇಣುದ್ದದ ತೊಂಗಲು ವಿಜಯನಗರಕ್ಕಿಂತ, ಹೊಯ್ಸಳರಿಗಿಂತ ಹಳೆಯದು.

ಅದನ್ನು ಮುರಿಯಲು ಒಂದು ಕ್ಷಣ ಸಾಕು. ಜ್ಞಾಪಕಾರ್ಥವಾಗಿ ಮನೆಗೊಂದು ಚೂರು ಬೇಕೆಂಬ ಆಸೆ, ಗೋಡೆಯ ಮೇಲೆ ಹೆಸರು ಕೆತ್ತುವ ಚಪಲ, ಇವೆರಡೂ ಪ್ರಪಂಚದ ಎಲ್ಲ ಗುಹೆಗಳ ಶತ್ರುಗಳು. ಮುರಿಯದೆ ಬರಿದೆ ಮುಟ್ಟಿದರೂ ಹಾನಿಯುಂಟು. ಅಂಗೈಯ ಜಿಡ್ಡು ಕಲ್ಲಿಗೆ ಹತ್ತಿದರೆ ಅಲ್ಲಿ ನೀರು ಸರಿಯಾಗಿ ಹರಡುವುದಿಲ್ಲ, ಸುಣ್ಣ ಕೂರುವುದಿಲ್ಲ. ಕಾಲಕ್ರಮದಲ್ಲಿ ಆ ಭಾಗ ಕಪ್ಪಾಗುತ್ತದೆ. ಪಂಜಿನ ಹೊಗೆ, ಎಣ್ಣೆಯ ಮಸಿಗಳದೂ ಇದೇ ಕಥೆ. ಕವಳೇಶ್ವರನಿಗೆ ಕಾಡು ಸೋಸಿದ ನೀರಿನ ಅಭಿಷೇಕ ಹಗಲಿರುಳೂ ನಡೆದೇ ಇದೆ. ಅದಕ್ಕೆ ಅಡ್ಡಿಯಾಗದಂತೆ ನಿಂತು ಕೈಮುಗಿಯುವುದೂ ಪೂಜೆಯೇ.

ಕತ್ತಲೆಯ ಬಾಡಿಗೆದಾರರು

ಗುಹೆಯಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳನ್ನು ಕಂಡು ಮಕ್ಕಳು ಚೀರುವುದು ಸಹಜ. ಅವು ಯಾರನ್ನೂ ಕಾಡುವುದಿಲ್ಲ. ಕೀಟ ತಿನ್ನುವ ಬಾವಲಿಗಳು ಸಂಜೆಗೆ ಹೊರಟು ಕಾಡಿನ ಮೇಲೆ, ಗದ್ದೆಗಳ ಮೇಲೆ ಹಾರಾಡಿ, ರಾತ್ರಿಯೆಲ್ಲ ಹುಳುಹುಪ್ಪಟೆಗಳನ್ನು ಹಿಡಿಯುತ್ತವೆ. ರೈತನಿಗೆ ಅವು ಸಂಬಳ ಕೇಳದ ಕಾವಲುಗಾರರು. ಸಾಮಾನ್ಯವಾಗಿ ತಾಯಿ ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಗದ್ದಲಕ್ಕೆ, ಕಣ್ಣು ಕುಕ್ಕುವ ಬೆಳಕಿಗೆ ಬೆದರಿ ಹಿಂಡು ಗುಹೆ ಬಿಟ್ಟು ಹೋದರೆ ಆ ನಷ್ಟ ತುಂಬಲು ಬಹಳ ವರ್ಷಗಳು ಬೇಕು.

ಒಂದು ಗುಹೆಗೆ ಎಷ್ಟು ಬೆಲೆ ಕಟ್ಟಬಹುದೆಂಬುದಕ್ಕೆ ಇದೇ ಸಹ್ಯಾದ್ರಿಯ ಸಾಲಿನಲ್ಲಿ, ಕವಳದ ಉತ್ತರಕ್ಕೆ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ತಳೇವಾಡಿಯ ಬಳಿ ಒಂದು ನಿದರ್ಶನವಿದೆ. ಅಲ್ಲಿನ ಬಾರಾಪೇಡೆ ಗುಹೆಯಲ್ಲಿ 1912ರಲ್ಲಿ ಅದುವರೆಗೆ ಯಾರೂ ಅರಿಯದ ಬಾವಲಿಯೊಂದು ದೊರೆಯಿತು. ಮರುವರ್ಷ ವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ವರ್ಣಿಸಿ, ಅರಣ್ಯಾಧಿಕಾರಿಯಾಗಿದ್ದ ರಾಟನ್ ಎಂಬವರ ಹೆಸರನ್ನು ಅದಕ್ಕಿಟ್ಟರು. ಅಲ್ಲಿಂದ ಸುಮಾರು 90 ವರ್ಷ ಕಾಲ ಆ ಜಾತಿಗೆ ಇಡೀ ಭೂಮಂಡಲದಲ್ಲಿ ಗೊತ್ತಿದ್ದ ಮನೆ ಅದೊಂದೇ ಗುಹೆ. 2000ದ ಸುಮಾರಿಗೆ ಕಾಂಬೋಡಿಯದಲ್ಲಿಯೂ ಮೇಘಾಲಯದಲ್ಲಿಯೂ ಅದು ಕಾಣಿಸಿಕೊಂಡ ಮೇಲೆಯೇ ಪ್ರಾಣಿಶಾಸ್ತ್ರಜ್ಞರು ಸ್ವಲ್ಪ ನಿಟ್ಟುಸಿರು ಬಿಟ್ಟದ್ದು. ಬಾರಾಪೇಡೆಯ ಸುತ್ತಣ ಕಾಡನ್ನು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಒಂದು ಹಿಡಿಗಾತ್ರದ ಬಾವಲಿಯೂ ಕಾಡೊಂದರ ಉಳಿವಿಗೆ ವಕಾಲತ್ತು ವಹಿಸಬಲ್ಲದು.

ಹೊರಗೆ ನಿಂತ ಗುಹೆ, ಯಾಣ

ಇಷ್ಟು ದೂರ ಬಂದವರು ಅದೇ ಜಿಲ್ಲೆಯ ಯಾಣವನ್ನು ಬಿಟ್ಟು ಬರಬಾರದು. “ರೊಕ್ಕಿದ್ದವನಿಗೆ ಗೋಕರ್ಣ, ಸೊಕ್ಕಿದ್ದವನಿಗೆ ಯಾಣ” ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಅಲ್ಲಿಗೆ ಹೋಗುವುದಕ್ಕೆ ಎದೆಗಾರಿಕೆ ಬೇಕಿತ್ತು. ಈಗ ಶಿರಸಿಯಿಂದಲೂ ಕುಮಟೆಯಿಂದಲೂ ರಸ್ತೆಯಿದೆ, ಕೊನೆಯ ಭಾಗವನ್ನು ಮಾತ್ರ ನಡೆಯಬೇಕು. ಕಾಡಿನ ನಡುವಿನಿಂದ ಸುಮಾರು 120 ಮೀಟರು ಎತ್ತರಕ್ಕೆ ಎದ್ದ ಭೈರವೇಶ್ವರ ಶಿಖರ, ಪಕ್ಕದಲ್ಲಿ ಸುಮಾರು 90 ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡು ಬೂದಿಯಾದದ್ದು ಇಲ್ಲೇ ಎಂಬುದು ಸ್ಥಳಪುರಾಣ. ಸುತ್ತಲಿನ ಕರಿಮಣ್ಣನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಬಂಡೆ ಕಪ್ಪಾಗಿ ಕಂಡರೂ ಅದೂ ಸ್ಫಟಿಕರೂಪದ ಸುಣ್ಣಕಲ್ಲೇ. ಕವಳದಲ್ಲಿ ನೀರು ಒಳಗೆ ಕುಳಿತು ಕೊರೆಯಿತು. ಯಾಣದಲ್ಲಿ ಹೊರಗೆ ನಿಂತು ಕೆತ್ತಿತು. ಎರಡನ್ನೂ ನೋಡಿದವರಿಗೆ ಒಂದೇ ಶಿಲ್ಪಿಯ ಎರಡು ಕೈಗಳನ್ನು ಕಂಡಂತಾಗುತ್ತದೆ.

ನೆಲ ತೆತ್ತ ಬೆಲೆ

ಕಾಳಿಯ ಕಣಿವೆ ನಾಡಿಗೆ ಕೊಟ್ಟದ್ದು ಅಲ್ಪವಲ್ಲ. 1980ರ ದಶಕದಲ್ಲಿ ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ಹಳೆಯ ಸೂಪಾ ಊರೇ ನೀರಿನಡಿಗೆ ಸೇರಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಆ ನೀರು ಕೆಳಗಿನ ನಾಗಝರಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ಮೈಸೂರಿನ ಮನೆಯಲ್ಲಿ ದೀಪ ಹಾಕುವಾಗ ಕಾಳಿಯನ್ನು ನೆನೆಯುವವರು ವಿರಳ. ಕಾಡಿನಲ್ಲಿ ಒಂದು ಕಾಲಕ್ಕೆ ಮ್ಯಾಂಗನೀಸ್ ಗಣಿಗಳೂ ನಡೆದವು. ಸಾಲದೆಂಬಂತೆ ಸುಣ್ಣಕಲ್ಲಿಗೆ ಎಲ್ಲೆಡೆಯೂ ಗಿರಾಕಿಯುಂಟು: ಸಿಮೆಂಟಿಗೆ ಅದೇ ಬೇಕು, ಕಬ್ಬಿಣ ಕರಗಿಸುವ ಕುಲುಮೆಗೆ ಅದೇ ಬೇಕು, ತಾಂಬೂಲದ ಸುಣ್ಣಕ್ಕೂ ಅದೇ ಬೇಕು. ಒಡೆದರೆ ಹಣವಾಗುವ ಕಲ್ಲನ್ನು ಒಡೆಯದೆ ಉಳಿಸಿಕೊಂಡದ್ದು ಇಲ್ಲಿ ಅಭಯಾರಣ್ಯದ ಗಡಿ.

ಆ ಗಡಿಯೊಳಗೆ ಮನುಷ್ಯರೂ ಇದ್ದಾರೆ. ಜೋಯಿಡಾದ ಕುಣಬಿಗಳು, ದನ ಕಾಯುವ ಗೌಳಿಗಳು ಈ ಕಾಡಿನ ಹಳಬರು. ಕುಣಬಿಗಳು ಬೆಳೆಯುವ ಬಗೆಬಗೆಯ ಗೆಡ್ಡೆಗೆಣಸುಗಳಿಗೆ ಜೋಯಿಡಾದಲ್ಲಿ ಮೇಳವೇ ನಡೆದಿದೆ. ಹುಲಿಗೆ ನಿಶ್ಶಬ್ದವಾದ ಕಾಡು ಬೇಕು. ಹಳ್ಳಿಯ ಬಸುರಿಗೆ ಆಸ್ಪತ್ರೆ ಮುಟ್ಟುವ ರಸ್ತೆ ಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಪಟ್ಟಣದಿಂದ ಎರಡು ದಿನ ವಿಹಾರಕ್ಕೆ ಬರುವವರು ಇದರ ತೀರ್ಪು ಕೊಡಲಾರರು. ತಮ್ಮ ಪಾಲಿನ ಗದ್ದಲವನ್ನೂ ಕಸವನ್ನೂ ಅದಕ್ಕೆ ಸೇರಿಸದಿದ್ದರೆ ಅಷ್ಟೇ ಉಪಕಾರ.

ಹೊರಡುವವರಿಗೆ ನಾಲ್ಕು ಮಾತು

ಮಳೆಗಾಲ ಬಿಟ್ಟು, ನವೆಂಬರಿನಿಂದ ಫೆಬ್ರವರಿಯವರೆಗೆ ಹೊರಡುವುದು ಒಳ್ಳೆಯದು. ಗುಹೆಯಿರುವುದು ಹುಲಿಗಳ ಕಾಡಿನಲ್ಲಾದ್ದರಿಂದ, ಪ್ರವೇಶ ಉಂಟೋ ಇಲ್ಲವೋ ಎಂಬುದನ್ನು ದಾಂಡೇಲಿಯಲ್ಲಿ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಸ್ಥಳ ಬಲ್ಲವರ ಜೊತೆಯಿಲ್ಲದೆ ಒಳಹೊಗಬಾರದು. ಜಾರದ ಪಾದರಕ್ಷೆ, ಒಬ್ಬೊಬ್ಬರಿಗೂ ಒಂದೊಂದು ಬ್ಯಾಟರಿ, ಕೊಳೆಯಾದರೆ ಮರುಗದ ಬಟ್ಟೆ ಇದ್ದರೆ ಸಾಕು. ಉಬ್ಬಸದವರೂ ಮಂಡಿನೋವಿನ ಹಿರಿಯರೂ ಮೆಟ್ಟಿಲುಗಳನ್ನು ಇಳಿಯುವ ಮೊದಲು ಮತ್ತೆ ಹತ್ತುವುದನ್ನು ಯೋಚಿಸಬೇಕು. ಅಂಥವರಿಗೆ ಕಾಳಿಯ ದಡದಲ್ಲಿ ಕುಳಿತು ಮಂಗಟ್ಟೆಗಳ ರೆಕ್ಕೆಯ ಭರ್ರನೆಯ ಸದ್ದನ್ನು ಕೇಳುವ ಸುಖವೇನೂ ಕಡಮೆಯದಲ್ಲ.

ಗುಹೆಯ ಆಳದಲ್ಲಿ ಒಂದು ನಿಮಿಷ ಎಲ್ಲರೂ ದೀಪ ಆರಿಸಿ ಸುಮ್ಮನೆ ನಿಲ್ಲಬೇಕು. ಊರಿನಲ್ಲಿ ಎಲ್ಲಿಯೂ ಸಿಗದ ಕತ್ತಲೆ ಅದು. ಎಲ್ಲೋ ಒಂದು ಹನಿ ಬಿದ್ದ ಸದ್ದು ಕೇಳುತ್ತದೆ. ಬಹಳ ಹೊತ್ತಿನ ಮೇಲೆ ಇನ್ನೊಂದು. ಮೇಲಿನ ಕಾಡು ಹಸಿರಾಗಿರುವವರೆಗೆ ಆ ಕೆಲಸ ಹೀಗೆಯೇ ಸಾಗುತ್ತದೆ. ಇಂದು ಅಲ್ಲಿ ನಿಂತ ಮಗುವಿನ ಮರಿಮಕ್ಕಳು ಬಂದು ನೋಡುವ ಹೊತ್ತಿಗೆ ಆ ಕಂಬ ಒಂದು ಅಕ್ಕಿಕಾಳಿನಷ್ಟು ಎತ್ತರವಾಗಿದ್ದರೆ ಅದೇ ಹೆಚ್ಚು.